ಗಾಡಿಗಳ ಗಲಾಟೆ ಇಲ್ಲದ ಕಡಲ ದಾರಿ: ಸಾರ್ಡೀನಿಯಾದ ಪಶ್ಚಿಮ ತೀರಕ್ಕೆ ಸೈಕಲ್‌ನಲ್ಲಿ ಹೋಗುವುದು ಹೇಗೆ

ಸಾರ್ಡೀನಿಯಾಕ್ಕೆ ಸೈಕಲ್ ತಗೊಂಡು ಹೋಗುತ್ತೇನೆ ಅಂದರೆ ಟೊರಿನೊದಲ್ಲಿ ನನ್ನ ಜೊತೆ ಕೆಲಸ ಮಾಡುವವರು ಹುಬ್ಬೇರಿಸುತ್ತಾರೆ. ಅವರ ಕಣ್ಣಿಗೆ ಬರುವುದು ಆಗಸ್ಟ್ ತಿಂಗಳ ಸಾರ್ಡೀನಿಯಾ. ಬೀಚಿನ ಪಕ್ಕ ಕಾರುಗಳ ಸಾಲು, ಐಸ್‌ಕ್ರೀಮ್ ಅಂಗಡಿ ಮುಂದೆ ಜನವೋ ಜನ. ನಾನು ಹೇಳುವ ಸಾರ್ಡೀನಿಯಾ ಅದಲ್ಲ. ಏಪ್ರಿಲ್ ಕೊನೆಯಲ್ಲೋ ಅಕ್ಟೋಬರ್ ಮೊದಲ ವಾರದಲ್ಲೋ ಒಂದು ಮಂಗಳವಾರ ಬೆಳಿಗ್ಗೆ ಹೊರಡಿ, ಅದೇ ತೀರದಲ್ಲಿ ಹತ್ತು ಕಿಲೋಮೀಟರ್ ತುಳಿದರೂ ಬರೀ ಎರಡು ಕಾರು ಸಿಗಬಹುದು.

ಮೆಡಿಟರೇನಿಯನ್ ಸಮುದ್ರದಲ್ಲಿ ಸಿಸಿಲಿ ಬಿಟ್ಟರೆ ಇಟಲಿಯ ಈ ದ್ವೀಪವೇ ದೊಡ್ಡದು. ಸುಮಾರು 24 ಸಾವಿರ ಚದರ ಕಿಲೋಮೀಟರ್ ಜಾಗ, ಜನ ಮಾತ್ರ 16 ಲಕ್ಷದ ಆಸುಪಾಸು. ಕುರಿಗಳೇ ಅದರ ದುಪ್ಪಟ್ಟು ಇವೆ. ಹಾಗಂತ ಎಲ್ಲ ರಸ್ತೆಯೂ ಖಾಲಿ ಇರುವುದಿಲ್ಲ. ಖಾಲಿ ರಸ್ತೆಯನ್ನು ನಾವೇ ಹುಡುಕಿಕೊಳ್ಳಬೇಕು. ಅದಕ್ಕೆ ನಾನು ನೋಡುವುದು ಮೂರು ವಿಷಯ: ನಕ್ಷೆ, ಗಡಿಯಾರ, ಗಾಳಿ.

ಮೊದಲು ನಕ್ಷೆ. ಇಟಲಿಯಲ್ಲಿ ಎಸ್‌ಎಸ್ ಅಂದರೆ ರಾಷ್ಟ್ರೀಯ ರಸ್ತೆ, ಎಸ್‌ಪಿ ಅಂದರೆ ಪ್ರಾಂತ್ಯದ ರಸ್ತೆ. ಬರೀ ಎಸ್‌ಪಿ ರಸ್ತೆ ಹಿಡಿದರೆ ಸಾಕು ಅಂತ ಬಹಳ ಜನ ಹೇಳುತ್ತಾರೆ. ಅದು ಅರ್ಧ ಸತ್ಯ. ನಾನು ಕೇಳುವ ಪ್ರಶ್ನೆ ಬೇರೆ: ಈ ಕಡಲ ರಸ್ತೆ ಮಾಡುವ ಕೆಲಸವನ್ನು ಒಳನಾಡಿನಲ್ಲಿ ಇನ್ನೊಂದು ದೊಡ್ಡ ರಸ್ತೆ ಬೇಗ ಮಾಡಿ ಮುಗಿಸುತ್ತಿದೆಯಾ? ಮುಗಿಸುತ್ತಿದ್ದರೆ ಲಾರಿ, ಬಸ್ಸು, ಆಫೀಸಿಗೆ ಹೋಗುವವರು ಎಲ್ಲ ಆ ಕಡೆ. ಕಡಲ ಬದಿಯ ರಸ್ತೆಗೆ ಬರುವುದು ಸಮುದ್ರ ನೋಡುವವರು ಮಾತ್ರ. ದ್ವೀಪದ ಉದ್ದಕ್ಕೂ, ದಕ್ಷಿಣದ ಕಾಲ್ಯಾರಿಯಿಂದ ಉತ್ತರದ ಸಾಸ್ಸರಿ ಕಡೆಗೆ, ಎಸ್‌ಎಸ್ 131 ಅನ್ನುವ ಹೆದ್ದಾರಿ ಇದೆ. ಅದರ ಮೇಲೆ ಸೈಕಲ್ ಹಾಕಲೇಬೇಡಿ. ಆದರೆ ಪಶ್ಚಿಮ ತೀರ ಇಷ್ಟು ಶಾಂತವಾಗಿರುವುದಕ್ಕೆ ಆ ಹೆದ್ದಾರಿಯೇ ಮುಖ್ಯ ಕಾರಣ. ಮನೆಯಲ್ಲಿ ಕೂತು ನಕ್ಷೆ ನೋಡುವಾಗ ಈ ಒಂದು ಪ್ರಶ್ನೆ ಕೇಳಿಕೊಂಡರೆ ಅರ್ಧ ಕೆಲಸ ಆದಂತೆ. ಸಿಸಿಲಿಯಲ್ಲೋ ಕಾರ್ಸಿಕಾದಲ್ಲೋ ದಾರಿ ಹುಡುಕುವಾಗಲೂ ಇದೇ ಲೆಕ್ಕ.

ಎರಡನೆಯದು ಗಡಿಯಾರ. ತಿಂಗಳ ವಿಷಯ ಸುಲಭ: ಏಪ್ರಿಲ್ ನಡುವಿನಿಂದ ಜೂನ್ ಮೊದಲ ವಾರ, ಆಮೇಲೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ಜುಲೈ, ಆಗಸ್ಟ್ ಬೇಡವೇ ಬೇಡ. ಬಿಸಿಲೂ ಜಾಸ್ತಿ, ಕಾರೂ ಜಾಸ್ತಿ. ಅದರಲ್ಲೂ ಆಗಸ್ಟ್ 15ರ ಆಚೀಚೆ ಇಡೀ ಇಟಲಿ ರಜೆಯಲ್ಲಿರುತ್ತದೆ. ವಾರದ ದಿನಗಳಲ್ಲಿ ಶನಿವಾರ, ಭಾನುವಾರ ಜಾಗ್ರತೆ. ಆವತ್ತು ಮೋಟರ್‌ಬೈಕ್‌ನವರು ಗುಂಪು ಕಟ್ಟಿಕೊಂಡು ತಿರುವಿನ ರಸ್ತೆಗಳಿಗೆ ಬರುತ್ತಾರೆ. ಅವರಿಗೂ ಬೇಕಾಗಿರುವುದು ನಮಗೆ ಬೇಕಾದ ರಸ್ತೆಯೇ, ಏನು ಮಾಡುವುದು. ಇನ್ನು ದಿನದಲ್ಲಿ ಒಂದು ಗುಟ್ಟಿನ ಹೊತ್ತಿದೆ, ಮಧ್ಯಾಹ್ನ ಒಂದರಿಂದ ಮೂರೂವರೆ. ಅಂಗಡಿ ಬಾಗಿಲು ಹಾಕಿರುತ್ತವೆ, ಎಲ್ಲರೂ ಊಟಕ್ಕೆ ಕೂತಿರುತ್ತಾರೆ, ರಸ್ತೆ ಪೂರ್ತಿ ನಿಮ್ಮದು. ಏಪ್ರಿಲ್‌ನಲ್ಲಿ ಆ ಹೊತ್ತಿನ ಬಿಸಿಲು ತಡೆಯುವಂಥದ್ದೇ. ಧಾರವಾಡದವಳು ನಾನು, ನನಗಂತೂ ಅದು ಬಿಸಿಲೇ ಅಲ್ಲ. ಆದರೆ ಊಟ, ನೀರು ಎಲ್ಲ ಹನ್ನೆರಡೂವರೆ ಒಳಗೆ ಕೊಂಡು ಚೀಲಕ್ಕೆ ಹಾಕಿಕೊಂಡಿರಬೇಕು. ಆಮೇಲೆ ನಾಲ್ಕೂವರೆ, ಐದರವರೆಗೂ ಏನೂ ಸಿಗುವುದಿಲ್ಲ. ಭಾನುವಾರ ಸಂಜೆಯಾದರೆ ಅದೂ ಇಲ್ಲ.

ಮೂರನೆಯದು ಗಾಳಿ. ಇಲ್ಲಿ ಆಳುವುದು ಮಾಯೆಸ್ತ್ರಾಲೆ, ವಾಯವ್ಯದಿಂದ ಬೀಸುವ ಗಾಳಿ. ಬೀಸಲು ಶುರುವಾದರೆ ಎರಡು ಮೂರು ದಿನ ಬಿಡುವುದಿಲ್ಲ. ಅದಕ್ಕೇ ಪಶ್ಚಿಮ ತೀರದಲ್ಲಿ ಉತ್ತರದಿಂದ ದಕ್ಷಿಣಕ್ಕೆ ಹೋಗಿ. ಗಾಳಿ ಬೆನ್ನಿಗಿರುತ್ತದೆ. ಇನ್ನೊಂದು ಲಾಭವೂ ಇದೆ. ಇಟಲಿಯಲ್ಲಿ ಗಾಡಿ ಓಡಿಸುವುದು ರಸ್ತೆಯ ಬಲಗಡೆ. ದಕ್ಷಿಣಕ್ಕೆ ಹೊರಟರೆ ಸಮುದ್ರವೂ ಬಲಗಡೆ. ನೀವು ಮತ್ತು ನೀರಿನ ನಡುವೆ ಎದುರು ಬರುವ ಕಾರಿಲ್ಲ, ರಸ್ತೆ ದಾಟದೆ ಎಲ್ಲಿ ಬೇಕಾದರೂ ನಿಂತು ನೋಡಬಹುದು. ಇದಕ್ಕೆ ತಿರುಗುಮುರುಗು ಮಾಡುವುದು ಆಗ್ನೇಯದ ಶಿರೊಕ್ಕೊ ಗಾಳಿ. ಆಫ್ರಿಕಾದ ಧೂಳು ಹೊತ್ತು ಬಿಸಿಯಾಗಿ ಬರುತ್ತದೆ. ಅದು ಬಂದ ದಿನ ಮುಂದೆ ಹೋಗುವ ಹಟ ಬಿಟ್ಟು ಊರಲ್ಲೇ ಕೂತು ಬಟ್ಟೆ ಒಗೆದುಕೊಳ್ಳಿ. ಹವಾಮಾನದ ಆ್ಯಪ್‌ನಲ್ಲಿ ಗಾಳಿ 25 ನಾಟ್ (ಗಂಟೆಗೆ ಸುಮಾರು 46 ಕಿಲೋಮೀಟರ್) ದಾಟಿದ್ದರೆ ಬಂಡೆ ಅಂಚಿನ ರಸ್ತೆಗೆ ನಾನು ಹೋಗುವುದಿಲ್ಲ. ಚೀಲ ಕಟ್ಟಿದ ಸೈಕಲ್‌ಗೆ ಪಕ್ಕದಿಂದ ಹೊಡೆತ ಬಿದ್ದರೆ ಹಿಡಿದುಕೊಳ್ಳುವುದು ಕಷ್ಟ.

ದ್ವೀಪ ಸೇರುವುದು

ನಾನು ರೈಲಿನಲ್ಲಿ ಜಿನೋವಾಗೆ ಹೋಗಿ ಅಲ್ಲಿಂದ ರಾತ್ರಿ ಹಡಗಿನಲ್ಲಿ ಪೋರ್ತೊ ತೋರೆಸ್‌ಗೆ ಹೋಗುತ್ತೇನೆ. ಸೈಕಲ್ ಬಿಚ್ಚುವ, ಡಬ್ಬಕ್ಕೆ ಹಾಕುವ ತಲೆನೋವಿಲ್ಲ. ಲಾರಿಗಳ ಜೊತೆ ಹಡಗಿನ ಹೊಟ್ಟೆಯೊಳಕ್ಕೆ ತಳ್ಳಿಕೊಂಡು ಹೋಗಿ ಕಂಬಿಗೆ ಕಟ್ಟಬೇಕು. ಹಗ್ಗ ಅವರ ಹತ್ತಿರ ಇದ್ದರೂ ನಿಮ್ಮದೇ ಎರಡು ಗಟ್ಟಿ ಪಟ್ಟಿ ಇರಲಿ. ರಾತ್ರಿಗೆ ಬೇಕಾದ್ದೆಲ್ಲ ಒಂದೇ ಚೀಲದಲ್ಲಿ ಮೇಲಕ್ಕೆ ಒಯ್ಯಿರಿ, ಹಡಗು ಹೊರಟ ಮೇಲೆ ಕೆಳಗಿಳಿಯಲು ಬಿಡುವುದಿಲ್ಲ. ಬೆಂಗಳೂರಿನಿಂದ ಬರುವವರು ರೋಮ್ ಅಥವಾ ಮಿಲಾನ್‌ನಲ್ಲಿ ವಿಮಾನ ಬದಲಿಸಿ ನೇರ ಅಲ್ಗೇರೊಗೇ ಇಳಿಯಬಹುದು. ಶೆಂಗೆನ್ ವೀಸಾ ಬೇಕು. ಅದಕ್ಕೆ ತಂಗುವ ಜಾಗಗಳ ಪಟ್ಟಿ ಕೇಳುತ್ತಾರೆ, ಆದ್ದರಿಂದ ದಾರಿಯನ್ನು ಮುಂಚೆಯೇ ಗಟ್ಟಿ ಮಾಡಿಕೊಳ್ಳಬೇಕಾಗುತ್ತದೆ.

ಪೋರ್ತೊ ತೋರೆಸ್‌ನಿಂದ ಅಲ್ಗೇರೊ ಸುಮಾರು 35 ಕಿಲೋಮೀಟರ್. ನುರ್ರಾ ಬಯಲಿನ ಒಳದಾರಿಗಳಲ್ಲಿ ಆರಾಮಾಗಿ ಹೋಗಬಹುದು. ಅಲ್ಗೇರೊದಲ್ಲಿ ಒಂದು ದಿನ ನಿಲ್ಲಿ. 14ನೇ ಶತಮಾನದಲ್ಲಿ ಅರಗಾನ್ ರಾಜರು ಗೆದ್ದು ತಮ್ಮ ಜನರನ್ನು ತಂದು ತುಂಬಿದ ಊರು ಇದು, ಇವತ್ತಿಗೂ ಹಿರಿಯರ ಬಾಯಲ್ಲಿ ಕತಲಾನ್ ಕೇಳುತ್ತದೆ. ಕಾಲು ಸಡಿಲ ಮಾಡಿಕೊಳ್ಳಲು ಕಾಪೊ ಕಾಚ್ಚಾ ಭೂಶಿರದವರೆಗೆ ಹೋಗಿ ಬನ್ನಿ. ಫೆರ್ತಿಲಿಯಾ ತನಕ ಸೈಕಲ್ ಪಥವಿದೆ. ಕೊನೆಯಲ್ಲಿ ಬಂಡೆಗೆ ಅಂಟಿಸಿದ 654 ಮೆಟ್ಟಿಲು ಇಳಿದರೆ ನೆಪ್ಚೂನ್ ಗುಹೆ. ಮರುದಿನ ದೊಡ್ಡ ಏರು ಕಾದಿದೆ ಅಂತಾದರೆ ಮೆಟ್ಟಿಲಿನ ಆಸೆ ಬಿಡಿ, ಮೇಲಿಂದಲೇ ನೋಡಿ.

ಅಲ್ಗೇರೊದಿಂದ ಬೋಸಾ

ಇಡೀ ತೀರದಲ್ಲಿ ಒಂದೇ ದಿನ ಇದೆ ಅನ್ನುವವರು ಈ ರಸ್ತೆಗೆ ಹೋಗಲಿ. ಸುಮಾರು 46 ಕಿಲೋಮೀಟರ್, ಎಸ್‌ಪಿ 105, ಆಮೇಲೆ ಎಸ್‌ಪಿ 49. ಬಲಕ್ಕೆ ಸಮುದ್ರ, ಎಡಕ್ಕೆ ಬೆಟ್ಟ, ನಡುವೆ ಒಂದೂ ಊರಿಲ್ಲ. ಇಲ್ಲಿ ನನ್ನ ನಕ್ಷೆ ಪ್ರಶ್ನೆಗೆ ಉತ್ತರ ಸ್ಪಷ್ಟ: ಅವಸರ ಇರುವವರಿಗೆ ಒಳಗಡೆ ಬೇರೆ ರಸ್ತೆಗಳಿವೆ.

ಬೆಳಕು ಹರಿದ ಕೂಡಲೇ ಹೊರಡಿ. ಬೆಟ್ಟ ಪೂರ್ವಕ್ಕಿರುವುದರಿಂದ ಬೆಳಿಗ್ಗೆ ರಸ್ತೆಯ ಬಹುಪಾಲು ನೆರಳಲ್ಲಿರುತ್ತದೆ, ಏರು ತಂಪಿನಲ್ಲೇ ಮುಗಿಯುತ್ತದೆ. ಏರು ಕಡಿದಲ್ಲ, ಉದ್ದ. ಸಮುದ್ರದ ಮಟ್ಟದಿಂದ ಶುರುವಾಗಿ 350 ಮೀಟರ್ ಹತ್ತಿರಕ್ಕೆ ಹೋಗುತ್ತದೆ, ನಡುವೆ ಇಳಿದು ಮತ್ತೆ ಹತ್ತುತ್ತದೆ. ಒಂದೇ ಗೇರಿನಲ್ಲಿ ಮಾತಾಡುತ್ತಾ ತುಳಿಯುವಂಥ ಏರು. ನೀರು ಒಬ್ಬರಿಗೆ ಮೂರು ಲೀಟರ್ ಕಟ್ಟಿಕೊಳ್ಳಿ. ಪೊಲ್ಯೀನಾ ಬೀಚಿನ ಕಡೆ ಸೀಸನ್ ಇದ್ದಾಗ ಏನಾದರೂ ತೆರೆದಿರಬಹುದು, ನಂಬಿಕೊಂಡು ಹೋಗಬೇಡಿ.

ಆ ಬೀಚು ದಾಟಿದ ಮೇಲೆ ಕಾಪೊ ಮರಾರ್ಜು ಅನ್ನುವ ಭೂಶಿರ ಬರುತ್ತದೆ. ಶೀತಲ ಸಮರದ ಕಾಲದಲ್ಲಿ ಗ್ಲಾದಿಯೊ ಅನ್ನುವ ಗುಪ್ತ ಪಡೆಗೆ ತರಬೇತಿ ಕೊಡುತ್ತಿದ್ದದ್ದು ಇಲ್ಲೇ. ಜನಕ್ಕೆ ಗೊತ್ತಾಗಿದ್ದು 1990ರಲ್ಲಿ. ಗುಟ್ಟು ಇಟ್ಟುಕೊಳ್ಳಲು ಇದಕ್ಕಿಂತ ಒಳ್ಳೆ ಜಾಗ ಬೇಕಾ ಅನ್ನಿಸುವಷ್ಟು ನಿರ್ಜನ. ಈಗ ಇಲ್ಲಿ ತಲೆ ಎತ್ತಿ ನೋಡಬೇಕಾದದ್ದು ಗ್ರಿಫನ್ ರಣಹದ್ದುಗಳನ್ನು. ಹತ್ತು ಗಂಟೆ ಹೊತ್ತಿಗೆ ಬಿಸಿ ಗಾಳಿ ಮೇಲೇಳಲು ಶುರುವಾದ ಮೇಲೆ ಅವು ಹಾರುತ್ತವೆ. ಹಾಗಾಗಿ ಬೇಗ ಹೊರಟು, ಎತ್ತರದ ತಿರುವಿನಲ್ಲಿ ಬುತ್ತಿ ಬಿಚ್ಚಿಕೊಂಡು ಕೂರುವುದು ನನ್ನ ಪದ್ಧತಿ. ಆಮೇಲಿನದೆಲ್ಲ ಬೋಸಾಕ್ಕೆ ಇಳಿತ. ತೆಮೊ ನದಿ, ದಂಡೆಯಲ್ಲಿ ಹಳೆಯ ಚರ್ಮ ಹದ ಮಾಡುವ ಮನೆಗಳು, ಮೇಲೆ ಕೋಟೆ, ಕೋಟೆಯ ಬುಡದವರೆಗೂ ಬಣ್ಣಬಣ್ಣದ ಮನೆಗಳು. ಆ ಓಣಿಗಳಲ್ಲಿ ಸೈಕಲ್ ತಳ್ಳಿಕೊಂಡೇ ಹೋಗಬೇಕು. ರೂಮು ಕಾಯ್ದಿರಿಸುವಾಗ ನದಿ ಪಕ್ಕದ್ದು, ಕೆಳ ಮಹಡಿಯಲ್ಲಿ ಸೈಕಲ್ ಇಡಲು ಜಾಗ ಇರುವುದು ಅಂತ ಕೇಳಿ.

ಬೋಸಾದಿಂದ ದಕ್ಷಿಣಕ್ಕೆ ರಸ್ತೆ ಕಡಲು ಬಿಟ್ಟು ಮೇಲೇರುತ್ತದೆ. ಮಾಗೊಮಾದಾಸ್, ತ್ರೆಸ್ನುರಾಗೆಸ್ ದಾಟಿ ಕುಲ್ಯೇರಿ ತನಕ ಬೆವರು ಸುರಿಯುತ್ತದೆ. 2021ರ ಜುಲೈನಲ್ಲಿ ಈ ಬೆಟ್ಟಗಳಲ್ಲಿ ದೊಡ್ಡ ಕಾಡ್ಗಿಚ್ಚು ಹಬ್ಬಿ ಸಾವಿರಾರು ಹೆಕ್ಟೇರ್ ಸುಟ್ಟುಹೋಯಿತು, ನೂರಾರು ವರ್ಷದ ಆಲಿವ್ ಮರಗಳೂ ಹೋದವು. ಬೇಸಿಗೆಯಲ್ಲಿ ಒಲೆ ಹಚ್ಚಿ ಚಹಾ ಕಾಸುವ ಆಸೆ ಇರುವವರು ಇದನ್ನು ನೆನಪಿಟ್ಟುಕೊಳ್ಳಿ. ಕುಲ್ಯೇರಿಯಿಂದ ಸಾಂತಾ ಕತೆರೀನಾಗೆ ಜರ್ರೆಂದು ಇಳಿತ. ಪಕ್ಕದಲ್ಲೇ ಸಾರ್ಕಿತ್ತು, ಸಮುದ್ರ ಕೊರೆದ ಕಲ್ಲಿನ ಕಮಾನು.

ಸಿನಿಸ್‌ನಲ್ಲಿ ನಿಧಾನವಾಗಿ

ಏರು ಇಷ್ಟವಿಲ್ಲದವರು, ಮಕ್ಕಳನ್ನು ಕರೆದುಕೊಂಡು ಬರುವವರು ನೇರ ಇಲ್ಲಿಗೇ ಬರಬಹುದು. ಒರಿಸ್ತಾನೊ ಊರಿಗೆ ಕಾಲ್ಯಾರಿಯಿಂದ ರೈಲಿದೆ. ಅಲ್ಲಿಂದ ಪಶ್ಚಿಮಕ್ಕೆ ಸಿನಿಸ್ ಅನ್ನುವ ಚಪ್ಪಟೆ ನೆಲ. ಕಾಬ್ರಾಸ್ ಹಿನ್ನೀರಿನಲ್ಲಿ ಫ್ಲೆಮಿಂಗೊಗಳು, ಗದ್ದೆಗಳ ನಡುವೆ ಮಣ್ಣಿನ ದಾರಿಗಳು. ನನ್ನ ಗಂಡ ಇಲ್ಲಿಗೆ ಮಾತ್ರ ಬರುತ್ತಾನೆ, ಬೆಟ್ಟ ಅಂದರೆ ಅವನಿಗಾಗದು.

ಇಲ್ಲಿ ದೂರ ಲೆಕ್ಕ ಹಾಕಬೇಡಿ, ದಿನ ಲೆಕ್ಕ ಹಾಕಿ. ಕಾಬ್ರಾಸ್ ಮ್ಯೂಸಿಯಮ್ಮಿನಲ್ಲಿ ಮೊಂತೆ ಪ್ರಾಮಾದ ಕಲ್ಲಿನ ದೈತ್ಯರಿದ್ದಾರೆ, ಬಹಳ ಹಳೆಯ ಪ್ರತಿಮೆಗಳು. 1974ರಲ್ಲಿ ರೈತರ ನೇಗಿಲಿಗೆ ಸಿಕ್ಕವರು. ಎರಡೆರಡು ಸುತ್ತಿನ ಕಣ್ಣು, ದಿಟ್ಟಿಸಿ ನೋಡುತ್ತಲೇ ಇರುತ್ತಾರೆ. ಸಾನ್ ಸಾಲ್ವತೋರೆ ಅನ್ನುವ ಹಳ್ಳಿ ವರ್ಷವಿಡೀ ಖಾಲಿ, ಅರವತ್ತರ ದಶಕದಲ್ಲಿ ಕೌಬಾಯ್ ಸಿನಿಮಾ ಶೂಟಿಂಗ್ ನಡೆದದ್ದೂ ಅಲ್ಲೇ. ಸೆಪ್ಟೆಂಬರ್ ಮೊದಲ ಶನಿವಾರ ಮಾತ್ರ ಕಾಬ್ರಾಸಿನ ಗಂಡಸರು ಬಿಳಿ ಬಟ್ಟೆ ಉಟ್ಟು ಬರಿಗಾಲಲ್ಲಿ ದೇವರ ಮೂರ್ತಿ ಹೊತ್ತು ಅಲ್ಲಿಗೆ ಓಡುತ್ತಾರೆ, ಮರುದಿನ ವಾಪಸ್ ಓಡುತ್ತಾರೆ. ಆ ಎರಡು ದಿನ ಸೈಕಲ್ ಒರಗಿಸಿ ನೋಡುವುದೇ ಕೆಲಸ. ತುದಿಯಲ್ಲಿ ತಾರೋಸ್, ಫಿನೀಷಿಯನ್ನರು ಕಟ್ಟಿದ ಊರಿನ ಅವಶೇಷ, ಎರಡೂ ಕಡೆ ನೀರು.

ಇಸ್ ಅರುತಾಸ್ ಬೀಚಿನ ಮರಳು ಅಕ್ಕಿ ಕಾಳಿನಷ್ಟು ದಪ್ಪದ ಬಿಳಿ ಹರಳು. ಒಂದು ಹಿಡಿ ಮನೆಗೆ ಒಯ್ಯೋಣ ಅನ್ನಿಸುತ್ತದೆ. ಬೇಡ. 2017ರಿಂದ ದಂಡ 500ರಿಂದ 3,000 ಯೂರೋ, ವಿಮಾನ ನಿಲ್ದಾಣದಲ್ಲಿ ಚೀಲ ತೆಗೆಸಿ ನೋಡುತ್ತಾರೆ.

ಗಣಿಗಳ ತೀರ

ಒರಿಸ್ತಾನೊದ ಕೆಳಗೆ ಅರ್ಬೊರೇಯಾ. ಮುಸೊಲಿನಿ ಕಾಲದಲ್ಲಿ ಜೌಗು ಒಣಗಿಸಿ ಗೆರೆ ಹಾಕಿ ಮಾಡಿದ ಊರು, 1928ರದ್ದು. ನೇರ ರಸ್ತೆ, ಹಸು, ಮತ್ತೆ ನೇರ ರಸ್ತೆ. ಬೇಗ ದಾಟಿ. ಮುಂದೆ ಮಾರ್ಚೆದ್ದಿ ಹಿನ್ನೀರಿನ ಕಿರು ಸೇತುವೆ ದಾಟಬೇಕು. ಅದು ತೆರೆದಿದೆಯಾ ಅಂತ ಅರ್ಬೊರೇಯಾದಲ್ಲೇ ಕೇಳಿಕೊಂಡು ಹೊರಡಿ. ಇಲ್ಲದಿದ್ದರೆ ಗುಸ್ಪಿನಿ, ಮೊಂತೆವೆಕ್ಕಿಯೊ ಮೇಲೆ ಸುತ್ತಿ ಬರಬೇಕು, ಆ ಸುತ್ತೂ ಚೆನ್ನಾಗಿಯೇ ಇದೆ.

ಪಿಶೀನಾಸ್ ಮರಳ ದಿಬ್ಬಗಳಿಗೆ ಹೋಗುವ ದಾರಿ ಡಾಂಬರಿನದ್ದಲ್ಲ. 40 ಮಿಲಿಮೀಟರ್ ಟೈರ್ ಇದ್ದರೆ ಮಾತ್ರ ಹೋಗಿ. ಪಾಳು ಬಿದ್ದ ಗಣಿ ಕಟ್ಟಡಗಳ ನಡುವೆ ಇಳಿಯುತ್ತದೆ, ಹಳ್ಳ ದಾಟಿಸುತ್ತದೆ. ಅಲ್ಲಿಯ ನೀರು ಕೆಂಪಗಿರುವುದು ಮಣ್ಣಿನಿಂದಲ್ಲ, ಹಳೆಯ ಗಣಿಯಿಂದ ಜಿನುಗುವ ಲೋಹದಿಂದ. ಬಾಟಲಿ ತುಂಬಿಸಬೇಡಿ, ಮುಖ ತೊಳೆಯಲೂ ಬೇಡ.

ಬುಜ್ಜೆರ್ರು ಊರಿನಲ್ಲಿ ಊಟಕ್ಕೆ ನಿಲ್ಲಿ. 1904ರ ಸೆಪ್ಟೆಂಬರ್ 4ರಂದು ಇಲ್ಲಿ ಮುಷ್ಕರ ಹೂಡಿದ ಗಣಿ ಕಾರ್ಮಿಕರ ಮೇಲೆ ಸೈನಿಕರು ಗುಂಡು ಹಾರಿಸಿದರು. ಅದರಿಂದಲೇ ಇಟಲಿಯ ಮೊದಲ ಸಾರ್ವತ್ರಿಕ ಮುಷ್ಕರ ಹುಟ್ಟಿತು. ಜಗಳ ಶುರುವಾದದ್ದು ಮಧ್ಯಾಹ್ನದ ವಿರಾಮದಲ್ಲಿ ಒಂದು ಗಂಟೆ ಕತ್ತರಿಸಿದ್ದಕ್ಕೆ. ಇದು ಗೊತ್ತಾದ ಮೇಲೆ ಮಧ್ಯಾಹ್ನ ಅಂಗಡಿ ಮುಚ್ಚಿದೆ ಅಂತ ಗೊಣಗುವುದನ್ನು ನಾನು ಬಿಟ್ಟೆ.

ಬುಜ್ಜೆರ್ರುವಿನಿಂದ ಎಸ್‌ಪಿ 83 ಬೆಟ್ಟ ಹತ್ತಿ ಮಾಸುವಾಗೆ ಇಳಿಯುತ್ತದೆ. ಈ ಇಳಿತ ತುಂಬಾ ಕಡಿದು. ಹಿಂದಿನ ಸಂಜೆಯೇ ಬ್ರೇಕ್ ಪ್ಯಾಡ್ ನೋಡಿಕೊಳ್ಳಿ, ಇಳಿಯುವಾಗ ನಡುನಡುವೆ ನಿಂತು ತಣಿಸಿ. ಎದುರಿಗೆ ಸಮುದ್ರದಿಂದ 133 ಮೀಟರ್ ಎದ್ದ ಪಾನ್ ದಿ ದ್ಸುಕ್ಕೆರೊ ಬಂಡೆ ಕಾಣುತ್ತದೆ. ಇಳಿಯುತ್ತಾ ನೋಡಬೇಡಿ, ನಿಂತು ನೋಡಿ. ಕೆಳಗೆ ಬಂಡೆಯೊಳಗೆ ಕೊರೆದ ಪೋರ್ತೊ ಫ್ಲಾವಿಯಾ ಇದೆ. 1924ರಲ್ಲಿ ಮುಗಿದ ಈ ಸುರಂಗದಿಂದ ಅದಿರನ್ನು ನೇರ ಹಡಗಿನ ಹೊಟ್ಟೆಗೆ ಸುರಿಯುತ್ತಿದ್ದರು. ಒಳಗೆ ಗೈಡ್ ಜೊತೆಗೆ ಮಾತ್ರ ಬಿಡುತ್ತಾರೆ, ಮುಂಚೆಯೇ ಕಾಯ್ದಿರಿಸಿ.

ಪೋರ್ತೊವೆಸ್ಮೆಯಿಂದ ಚಿಕ್ಕ ಹಡಗು ಹತ್ತಿದರೆ ಸಾನ್ ಪಿಯೆತ್ರೊ ದ್ವೀಪದ ಕಾರ್ಲೊಫೋರ್ತೆ. ದ್ವೀಪದೊಳಗಿನ ದ್ವೀಪ ಇದು. ಜಿನೋವಾ ಕಡೆಯಿಂದ ಟುನೀಷಿಯಾದ ತಬರ್ಕಾಕ್ಕೆ ಹೋಗಿದ್ದ ಹವಳದ ಮೀನುಗಾರರು 1738ರಲ್ಲಿ ಇಲ್ಲಿಗೆ ಬಂದು ನೆಲೆಸಿದರು, ಮಾತು ಇನ್ನೂ ಜಿನೋವಾದ್ದೇ. ಕಾಪೊ ಸಾಂದಲೊ ದೀಪಸ್ತಂಭದ ರಸ್ತೆ ಮುಂದೆ ಎಲ್ಲಿಗೂ ಹೋಗುವುದಿಲ್ಲ, ಅಲ್ಲೇ ಮುಗಿಯುತ್ತದೆ. ಕೊನೆ ಇರುವ ರಸ್ತೆಗಿಂತ ಶಾಂತ ರಸ್ತೆ ಇಲ್ಲ. ಕಲಸೆತ್ತಾ ಕಡೆಗೆ ಇನ್ನೊಂದು ಹಡಗು, ಅಲ್ಲಿಂದ ಸಾಂತಾಂತಿಯೊಕೊ ಸೇತುವೆ ದಾಟಿ ಮತ್ತೆ ದೊಡ್ಡ ದ್ವೀಪ. ಗಾಳಿ ಜೋರಿದ್ದ ದಿನ ಹಡಗುಗಳು ನಿಲ್ಲುತ್ತವೆ, ಒಂದು ದಿನ ಕೈಯಲ್ಲಿ ಇಟ್ಟುಕೊಂಡಿರಿ.

ಸಾಮಾನು, ಊಟ, ನಾಯಿ

ಸೈಕಲ್ ಯಾವ ಬ್ರಾಂಡಾದರೂ ಸರಿ, ಗೇರ್ ಮಾತ್ರ ಹಗುರ ಇರಲಿ. ಪೆಡಲ್ ಹತ್ತಿರದ ಚಿಕ್ಕ ಹಲ್ಲುಚಕ್ರಕ್ಕಿಂತ ಹಿಂದಿನ ದೊಡ್ಡ ಹಲ್ಲುಚಕ್ರದಲ್ಲಿ ಹಲ್ಲು ಜಾಸ್ತಿ ಇರಬೇಕು. ಬೇಸಿಗೆ ಕಳೆದ ಮೇಲೆ ಹೋದರೆ ರಸ್ತೆ ಬದಿಯಲ್ಲಿ ನಮ್ಮದೇ ನೆಗ್ಗಿಲು ಮುಳ್ಳು ಬಿದ್ದಿರುತ್ತದೆ, ಅದೇ ಗಿಡ ಅಲ್ಲೂ ಬೆಳೆಯುತ್ತದೆ. ಟ್ಯೂಬ್‌ಲೆಸ್ ಇಲ್ಲದಿದ್ದರೆ ಎರಡು ಟ್ಯೂಬು, ಪ್ಯಾಚು ಜೊತೆಗಿರಲಿ. ಊರಾಚೆ ಕತ್ತಲಾದ ಮೇಲೆ, ಸುರಂಗದೊಳಗೆ ಯಾವಾಗಲೂ, ಮಿರುಗುವ ಅಂಗಿ ಹಾಕಬೇಕೆಂಬುದು ಇಟಲಿಯ ಕಾನೂನು. ನವೆಂಬರ್ ಶುರುವಾದ ಮೇಲೆ ಹೋದರೆ ಭಾನುವಾರದ ಹಂದಿ ಬೇಟೆಗಾರರ ಕಣ್ಣಿಗೆ ಬೀಳಲೂ ಅದು ಬೇಕು. ಎಲ್ಲೆಂದರಲ್ಲಿ ಟೆಂಟ್ ಹಾಕುವಂತಿಲ್ಲ.

ಸಸ್ಯಾಹಾರಿಗಳಿಗೆ ಹಸಿವಾಗುವುದಿಲ್ಲ. ಪಾನೆ ಕರಸಾವು ಅನ್ನುವ ರೊಟ್ಟಿ ನಮ್ಮ ಖಡಕ್ ರೊಟ್ಟಿಯ ತಮ್ಮನ ಹಾಗೆ. ಕುರುಬರು ವಾರಗಟ್ಟಲೆ ಬೆಟ್ಟಕ್ಕೆ ಒಯ್ಯುತ್ತಿದ್ದದ್ದು ಇದನ್ನೇ. ಚೀಲದಲ್ಲಿ ಪುಡಿಯಾದರೂ ಕೆಡುವುದಿಲ್ಲ. ಟೊಮ್ಯಾಟೊ, ಆಲಿವ್ ಎಣ್ಣೆ ಹಾಕಿಕೊಂಡರೆ ಊಟ ಆಯಿತು. ಇದೇ ರೊಟ್ಟಿಯ ಪಾನೆ ಫ್ರತ್ತಾವು ಮೆನುವಿನಲ್ಲಿ ಮುಗ್ಧವಾಗಿ ಕಾಣುತ್ತದೆ, ಆದರೆ ರೊಟ್ಟಿಯನ್ನು ಸಾಮಾನ್ಯವಾಗಿ ಮಾಂಸದ ಸಾರಿನಲ್ಲಿ ಅದ್ದಿರುತ್ತಾರೆ, ಕೇಳಿಕೊಳ್ಳಿ. ಕಾರ್ಲೊಫೋರ್ತೆಯಲ್ಲಿ ಕಡಲೆ ಹಿಟ್ಟಿನ ದಪ್ಪ ದೋಸೆ ಸಿಗುತ್ತದೆ, ಮೆಣಸಿನ ಪುಡಿ ಉದುರಿಸಿ ತಿನ್ನಿ.

ಕುರಿ ಕಾಯುವ ನಾಯಿಗಳು ಬೊಗಳುತ್ತಾ ಬಂದರೆ ಓಡಿಸಿಕೊಂಡು ಹೋಗಬೇಡಿ. ಇಳಿದು, ಸೈಕಲ್ಲನ್ನು ನಾಯಿ ಮತ್ತು ನಿಮ್ಮ ನಡುವೆ ಇಟ್ಟುಕೊಂಡು ಸುಮ್ನೆ ನಡೆಯಿರಿ. ಅವುಗಳ ಚಿಂತೆ ಕುರಿಗಳದ್ದು. ನೀವು ಆಚೆ ಹೋದರೆ ಅವೂ ವಾಪಸ್ ಹೋಗುತ್ತವೆ.

ಕೊನೆಯ ತುಂಡು

ತೆವುಲಾದಾದಿಂದ ಕಿಯಾವರೆಗಿನ ಎಸ್‌ಪಿ 71ಕ್ಕೆ ನಕ್ಷೆಯ ಲೆಕ್ಕ ಅಚ್ಚುಕಟ್ಟಾಗಿ ಹೊಂದುತ್ತದೆ. ಎಸ್‌ಎಸ್ 195 ಬೆಟ್ಟದ ಹಿಂದಿನಿಂದ ಎಲ್ಲರನ್ನೂ ಒಯ್ಯುತ್ತದೆ, ಕಡಲ ಬದಿಯ ಸುಮಾರು 25 ಕಿಲೋಮೀಟರ್ ನಮಗೆ ಉಳಿಯುತ್ತದೆ. ಏರಿಳಿತ ಚಿಕ್ಕವು, ಕೊಲ್ಲಿಗಳು ಬಹಳ, ಒಂದೊಂದು ಭೂಶಿರಕ್ಕೂ ಒಂದು ಹಳೆಯ ಕಾವಲು ಗೋಪುರ. ಅವಸರ ಮಾಡದೆ ಇಡೀ ದಿನ ಇಟ್ಟುಕೊಳ್ಳಿ.

ಆದರೆ ಕಿಯಾ ಕಳೆದು ಪೂಲಾ ಮುಟ್ಟುವಷ್ಟರಲ್ಲಿ ಪರ್ಯಾಯ ರಸ್ತೆ ಇಲ್ಲ. ಎಲ್ಲರೂ ಎಸ್‌ಎಸ್ 195ರಲ್ಲೇ ಕಾಲ್ಯಾರಿಗೆ ಹೋಗುತ್ತಾರೆ, ಜೊತೆಗೆ ದೊಡ್ಡ ತೈಲ ಶುದ್ಧೀಕರಣ ಘಟಕದ ಟ್ಯಾಂಕರ್‌ಗಳು. ಅಷ್ಟು ದೂರ ತುಳಿದದ್ದಕ್ಕೆ ಕೊನೆಯ ಮೂವತ್ತು ಕಿಲೋಮೀಟರನ್ನೂ ತುಳಿಯಲೇಬೇಕು ಅಂತೇನಿಲ್ಲ. ಪೂಲಾದಲ್ಲಿ ಸೈಕಲ್ಲನ್ನು ಬಸ್ಸಿಗೆ ಹಾಕಿ. ಬಸ್ಸಿನ ಹೊಟ್ಟೆಯಲ್ಲಿ ಜಾಗ ಇದ್ದರೆ ಡ್ರೈವರ್ ಹಾಕಿಸಿಕೊಳ್ಳುತ್ತಾರೆ, ಇಲ್ಲದಿದ್ದರೆ ಮುಂದಿನ ಬಸ್ಸು. ಮುಂಚಕ್ರ ಬಿಚ್ಚಿ ರೆಡಿ ಇಟ್ಟುಕೊಂಡರೆ ಅವರ ಮುಖ ಸ್ವಲ್ಪ ಮೃದುವಾಗುತ್ತದೆ. ಪೋರ್ತೊ ತೋರೆಸ್‌ನ ಹಡಗಿಗೆ ವಾಪಸ್ ಹೋಗಲು, ಕಾಲ್ಯಾರಿಯಿಂದ ಸಾಸ್ಸರಿ ಕಡೆಗೆ ಹೋಗುವ ಪ್ರಾದೇಶಿಕ ರೈಲಿಗೆ ಸೈಕಲ್ಲಿಗೂ ಒಂದು ಟಿಕೆಟ್ ತಗೊಳ್ಳಿ. ಸೈಕಲ್ ಜಾಗ ಒಂದೊಂದು ರೈಲಿನಲ್ಲಿ ಕೈಬೆರಳೆಣಿಕೆಯಷ್ಟೇ, ಅದಕ್ಕೆ ಬೆಳಗಿನ ರೈಲು ಹಿಡಿಯಿರಿ. ತಪ್ಪಿದರೂ ಮಧ್ಯಾಹ್ನದ್ದು ಇರುತ್ತದೆ, ರಾತ್ರಿ ಹಡಗು ತಪ್ಪುವುದಿಲ್ಲ.